ಎಡಗೈಯ ಹನ್ನೆರಡು ಹೊಲಿಗೆ

ನಮ್ಮ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ಎಡಗೈ ಟೈಲರಮ್ಮ. ಬರೆಯುವುದು, ಬಟ್ಟೆ ಕತ್ತರಿಸುವುದು, ಸೂಜಿ ಹಿಡಿಯುವುದು, ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡುತ್ತಿದ್ದದ್ದು, ಎಲ್ಲವೂ ಎಡಗೈಯಲ್ಲೇ. ಹೊಲಿಗೆ ಕಲಿಸಿದ ಮೇಷ್ಟ್ರು ಮೂರು ತಿಂಗಳು ಅವಳ ಎಡಗೈಗೆ ಅಡಿಕೋಲಿನಲ್ಲಿ ಹೊಡೆದು, ನಾಲ್ಕನೆಯ ತಿಂಗಳು ತಾವೇ ಸೋತು, ಎಡಗೈಯವರಿಗಾಗಿ ಮಾಡಿದ ಕತ್ತರಿಯೊಂದನ್ನು ಎಲ್ಲಿಂದಲೋ ತರಿಸಿಕೊಟ್ಟರಂತೆ. ಆ ಕತ್ತರಿ ಇನ್ನೂ ಇದೆ. ಅದನ್ನು ಬಲಗೈಯವರು ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಜಗಿಯುತ್ತದೆ.

ಅಂಗಡಿ ಎಂದರೆ ಹತ್ತಕ್ಕೆ ಹನ್ನೆರಡು ಅಡಿಯ ಒಂದು ಕೋಣೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಎರಡು ಹೊಲಿಗೆ ಮೆಷಿನ್ನು, ಕತ್ತರಿಸುವ ಉದ್ದ ಮೇಜು, ಇಸ್ತ್ರಿಪೆಟ್ಟಿಗೆ, ಕೆಳಭಾಗ ಮಾತ್ರ ಮಂಕಾದ ಆಳುದ್ದದ ಕನ್ನಡಿ. ಮಕ್ಕಳು ಮೂಗೊತ್ತಿ ಮಂಕು ಮಾಡಿದ್ದು ಅದು. ಭಾವ ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬರುವ ಅವರು ಮನೆಯಲ್ಲಿ ಮಾತೇ ಆಡುವುದಿಲ್ಲ. ಏನು ಕೇಳಿದರೂ "ಅವಳನ್ನೇ ಕೇಳು" ಅನ್ನುತ್ತಾರೆ. ಆ ಎರಡು ಪದದಲ್ಲಿ ಅವರು ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದಾರೆ.

ಅಂಗಡಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ವಸ್ತು ಮಾತ್ರ ಬೇರೆ. ಅವಳು ಕೂರುವ ಮೆಷಿನ್ನಿನ ಎದುರು ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಪುಟ್ಟ ಚೀಲ. ಯಾರದೋ ಜೀನ್ಸ್ ಪ್ಯಾಂಟು ಗಿಡ್ಡ ಮಾಡಿದಾಗ ಉಳಿದ ತುಂಡಿನಲ್ಲಿ ಹೊಲಿದದ್ದು, ಅಂಗೈಯಷ್ಟು. ಅದರೊಳಗೆ ಅಕ್ಕನ ಕ್ರೆಡಿಟ್ ಕಾರ್ಡು. ಚೀಲಕ್ಕೆ ಜಿಪ್ಪಿಲ್ಲ, ಗುಂಡಿಯಿಲ್ಲ. ಬಾಯಿಯನ್ನು ದಪ್ಪ ಬಿಳಿ ದಾರದಲ್ಲಿ ಹನ್ನೆರಡು ಹೊಲಿಗೆ ಹಾಕಿ ಮುಚ್ಚಿರುತ್ತಾಳೆ. ಏನಾದರೂ ಕೊಳ್ಳಬೇಕೆಂದರೆ ಕೂತು ಒಂದೊಂದೇ ಹೊಲಿಗೆ ಬಿಚ್ಚಬೇಕು.

"ಇದೇನಮ್ಮ, ಕಾರ್ಡಿಗೆ ಆಪರೇಷನ್ ಮಾಡಿದ್ದೀರಾ?" ಎಂದು ಗಿರಾಕಿಗಳು ನಗುತ್ತಿದ್ದರು.

"ಹನ್ನೆರಡು ಹೊಲಿಗೆ ಬಿಚ್ಚೋಷ್ಟರಲ್ಲಿ ಆರು ಆಸೆ ಸಾಯ್ತವೆ" ಅನ್ನುತ್ತಿದ್ದಳು. "ಅಷ್ಟಾದ್ಮೇಲೂ ಬದುಕಿರೋ ಆಸೆ ನಿಜವಾಗ್ಲೂ ಬೇಕಾಗಿರೋದು."

ಇನ್ನೂ ಒಂದು ಕಟ್ಟುಪಾಡು ಇತ್ತು. ಕಾರ್ಡು ಬಳಸಿದ ದಿನದಿಂದ ಚೀಲದ ಬಾಯಿ ಬಿಚ್ಚಿಕೊಂಡೇ ಮೊಳೆಯಲ್ಲಿ ತೂಗಬೇಕು. ಬಿಲ್ಲು ಪೂರ್ತಿ ಕಟ್ಟಿದ ಮೇಲಷ್ಟೇ ಮತ್ತೆ ಹೊಲಿಯುವುದು. ಬಾಯಿ ತೆರೆದಿರುವವರೆಗೆ ಇನ್ನೊಂದು ದಾರದ ಉಂಡೆಯನ್ನೂ ಕಾರ್ಡಿನಲ್ಲಿ ಕೊಳ್ಳುವಂತಿಲ್ಲ. ಬ್ಯಾಂಕಿನಲ್ಲಿ ಅಷ್ಟು ದುಡ್ಡು ಮೊದಲೇ ಇಲ್ಲದಿದ್ದರೆ ಚೀಲವನ್ನು ಮೊಳೆಯಿಂದ ಇಳಿಸುವಂತೆಯೇ ಇಲ್ಲ. "ಹಾಗಾದ್ರೆ ಕಾರ್ಡು ಯಾಕೆ, ದುಡ್ಡೇ ಕೊಡು" ಎಂದು ನಾನು ರೇಗಿಸಿದರೆ, "ಬಿಲ್ಲು ಆದ ಮಾರನೇ ದಿನ ತಗೊಂಡ್ರೆ ನಲವತ್ತೈದು ದಿನ ಅವರ ದುಡ್ಡು ನನ್ನ ಕೆಲಸ ಮಾಡತ್ತೆ, ನನ್ನ ದುಡ್ಡು ಲೈನಿಂಗ್ ಬಟ್ಟೆಗಾಗತ್ತೆ. ಪುಕ್ಕಟೆ ಸಿಗೋದನ್ನ ಬಿಡೋಷ್ಟು ದಡ್ಡಿ ಅಲ್ಲ ಕಣೋ" ಅನ್ನುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಯಾರಾದರೂ ಅವಳೆದುರು ಗಾದೆ ಹೇಳಿದರೆ ಅವಳಿಗೆ ಸಿಟ್ಟೇ ಬರುತ್ತಿತ್ತು. ಹಾಸಿಗೆ ಉದ್ದ ಮಾಡಿಕೊಡುವುದೇ ತನ್ನ ಕಸುಬು, ಆದರೆ ಮೊದಲು ಬಟ್ಟೆ ಇರಬೇಕು ಎನ್ನುವುದು ಅವಳ ವಾದ.

ಇಂಥ ಅಕ್ಕನಿಗೆ ತಮ್ಮನಾಗಿ ಹುಟ್ಟಿದ ನಾನು ಮಾಡುತ್ತಿದ್ದ ಕೆಲಸವೇನು ಗೊತ್ತೆ? ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಬೆಳಗ್ಗೆಯಿಂದ ಸಂಜೆಯವರೆಗೆ ಗಿರಾಕಿಗಳಿಗೆ "ಈಗ ತಗೊಂಡ್ಹೋಗಿ ಸಾರ್, ಕೊಡೋದು ಆಮೇಲೆ ನೋಡ್ಕೊಳ್ಳೋಣ" ಎಂದು ಹೇಳುವುದು. ಹೇಳಿ ಹೇಳಿ ನನಗೇ ಅದು ನಿಜವೆನಿಸಿಬಿಟ್ಟಿತ್ತು.

ಒಮ್ಮೆ ಬ್ಯಾಂಕಿನವರು ಅಕ್ಕನಿಗೆ ಸಂದೇಶ ಕಳಿಸಿದರು. ಅಭಿನಂದನೆಗಳು, ನಿಮ್ಮ ಕಾರ್ಡಿನ ಮಿತಿಯನ್ನು ನಲವತ್ತು ಸಾವಿರದಿಂದ ಎರಡು ಲಕ್ಷಕ್ಕೆ ಏರಿಸಿದ್ದೇವೆ ಎಂದು. ಅಕ್ಕ ಅಂಗಡಿಗೆ ಬೀಗ ಹಾಕಿ, ಜೊತೆಗೆ ನನ್ನನ್ನೂ ಎಳೆದುಕೊಂಡು ಬ್ಯಾಂಕಿಗೆ ಹೋದಳು.

"ಇದನ್ನ ಮೊದಲಿನ ಹಾಗೇ ಮಾಡ್ಕೊಡಿ."

ಅಧಿಕಾರಿ ಕನ್ನಡಕ ತೆಗೆದು ನೋಡಿದರು. "ಹೆಚ್ಚು ಮಾಡಿ ಅಂತ ಬರ್ತಾರಮ್ಮ. ಕಡಿಮೆ ಮಾಡಿ ಅಂತ ಬಂದೋರು ನೀವೇ ಮೊದಲು. ಇದ್ದರೆ ಇರ್ಲಿ ಬಿಡಿ, ಬಳಸಲೇಬೇಕು ಅಂತೇನಿಲ್ವಲ್ಲ."

"ಸಾರ್, ನನ್ನ ಅಳತೆ ನನ್ನ ಕೇಳದೆ ಹೇಗೆ ತಗೊಂಡ್ರಿ? ಮೂವತ್ತು ಇಂಚು ಸೊಂಟದೋರಿಗೆ ನಾನು ಅರವತ್ತರ ಪ್ಯಾಂಟ್ ಹೊಲಿದುಕೊಟ್ರೆ ಅವರೇನೂ ದಪ್ಪ ಆಗಲ್ಲ. ನಡುಬೀದೀಲಿ ಪ್ಯಾಂಟ್ ಬೀಳತ್ತೆ ಅಷ್ಟೆ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನು ನಾಚಿಕೆಯಿಂದ ಗೋಡೆಯ ಮೇಲಿನ ಪೋಸ್ಟರ್ ಓದುತ್ತ ನಿಂತೆ. ಆಗ ನನ್ನ ಪರ್ಸಿನಲ್ಲಿ ಮೂರು ಕಾರ್ಡುಗಳಿದ್ದವು, ಮೂರರ ಮಿತಿ ಸೇರಿ ಐದು ಲಕ್ಷ. ಪ್ಯಾಂಟು ಬೀಳುತ್ತಿದ್ದದ್ದು ನನ್ನದೇ. ಆದರೆ ಅದು ಯಾರಿಗೂ ಗೊತ್ತಿರಲಿಲ್ಲ.

ನನ್ನ ಕಥೆಯನ್ನು ಉದ್ದ ಮಾಡುವುದಿಲ್ಲ, ಅದರಲ್ಲಿ ಹೊಸದೇನೂ ಇಲ್ಲ. ದೊಡ್ಡ ಟಿವಿ, ಹೆಂಡತಿಗೆ ಗೊತ್ತಾಗದಂತೆ ತೆಗೆದ ಬೈಕು, ಗೆಳೆಯರೆದುರು "ನಾನು ಕೊಡ್ತೀನಿ ಬಿಡ್ರೋ" ಎಂದು ಕಾರ್ಡು ಎಸೆದ ಸಂಜೆಗಳು. ಪ್ರತಿ ಬಿಲ್ಲಿನ ಕೆಳಗೆ 'ಕನಿಷ್ಠ ಮೊತ್ತ' ಎಂದು ಒಂದು ಸಣ್ಣ ಅಂಕಿ ಇರುತ್ತದಲ್ಲ, ನಾನು ಅದನ್ನೇ ಬಿಲ್ಲು ಎಂದುಕೊಂಡಿದ್ದೆ. ಅದಷ್ಟನ್ನು ಕಟ್ಟಿ ಮೀಸೆ ತಿರುವುತ್ತಿದ್ದೆ. ಉಳಿದದ್ದರ ಮೇಲೆ ನೂರಕ್ಕೆ ಮೂರೂವರೆಯಂತೆ ತಿಂಗಳು ತಿಂಗಳು ಬಡ್ಡಿ ಬೆಳೆಯುತ್ತಿತ್ತು. ಕೊನೆಗೆ ಕನಿಷ್ಠ ಮೊತ್ತ ಕಟ್ಟುವುದಕ್ಕೂ ಕಾಸಿಲ್ಲದ ದಿನ ಬಂತು. ವಸೂಲಿಯವರು ಮಾಲೀಕರ ಫೋನಿಗೇ ಕರೆ ಮಾಡುತ್ತೇವೆ ಎಂದರು. ಹಾಗೆ ಮಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಅದೇ ಹೊತ್ತಿನಲ್ಲಿ ಅಕ್ಕನ ಬದುಕಿನ ಬಹು ದೊಡ್ಡ ಕೆಲಸ ಅವಳ ಬಾಗಿಲಿಗೆ ಬಂದಿತ್ತು. ಆಸ್ಪತ್ರೆಯ ಹಿರಿಯ ನರ್ಸಮ್ಮ ಒಬ್ಬರು ತಮ್ಮ ಕೋಟನ್ನು ಅಕ್ಕನ ಹತ್ತಿರ ಸರಿಮಾಡಿಸಿಕೊಂಡು, ಆ ಹೊಲಿಗೆ ನೋಡಿ ಮರುಳಾಗಿ, ಇಡೀ ಆಸ್ಪತ್ರೆಗೆ ಇನ್ನೂರು ಕೋಟು ಹೊಲಿಯುವ ಕೆಲಸ ಕೊಡಿಸಿದ್ದರು. ಅರವತ್ತು ದಿನದಲ್ಲಿ ಮುಗಿಸಿದರೆ ಪ್ರತಿ ವರ್ಷವೂ ಆ ಕೆಲಸ ಅವಳದೇ. ಒಂದು ದಿನ ತಡವಾದರೂ ಕಾರ್ಖಾನೆಯವರ ಪಾಲು. ಹರಿದ ಜಿಪ್ಪು, ಸಡಿಲಾದ ಸೊಂಟಪಟ್ಟಿ ರಿಪೇರಿ ಮಾಡಿಯೇ ಬದುಕು ಸವೆಸಿದವಳಿಗೆ ಇದು ಎಂಥ ಅವಕಾಶವೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಒಂದು ಕೋಟಿನಲ್ಲಿ ಐದು ಗುಂಡಿ, ಐದು ಕಾಜಾ. ಕಾಜಾ ಎಂದರೆ ಗುಂಡಿ ತೂರಿಸುವ ಆ ಸೀಳು. ಒಂದನ್ನು ಕೈಯಲ್ಲಿ ಹೆಣೆಯಲು ಹತ್ತು ನಿಮಿಷ ಬೇಕು. ಕಾಜಾ ಮೆಷಿನ್ನಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹೊರಗೆ ಕೊಟ್ಟರೆ ಲಾಭವೆಲ್ಲ ಅವರಿಗೇ ಹೋಗುತ್ತದೆ. ಅಕ್ಕ ಒಂದು ಹಳೆಯ ಕಾಜಾ ಮೆಷಿನ್ ನೋಡಿಟ್ಟಿದ್ದಳು, ಮೂವತ್ತಾರು ಸಾವಿರ. ಅಷ್ಟು ದುಡ್ಡನ್ನು ಎರಡು ವರ್ಷದಿಂದ ಬ್ಯಾಂಕಿನಲ್ಲಿ ಕೂಡಿಟ್ಟಿದ್ದಳು. ಕಾರ್ಡಿನ ಬಿಲ್ಲು ಆಗುವುದು ಐದನೇ ತಾರೀಕು. ಆರನೇ ತಾರೀಕು ಹೋಗಿ ಮೆಷಿನ್ ತರುವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿದ್ದಳು.

ನಾನು ನಾಲ್ಕನೇ ತಾರೀಕು ಮಧ್ಯಾಹ್ನ ಹೋದೆ.

ಅಕ್ಕ ಊಟಕ್ಕೆ ಮೇಲೆ ಹೋಗಿದ್ದಳು. "ಅಂಗಡಿ ನೋಡ್ಕೊಂಡಿರ್ತೀನಿ, ನಿಧಾನಕ್ಕೆ ಉಣ್ಣು" ಎಂದು ನಾನೇ ಕಳಿಸಿದ್ದೆ. ಅವಳ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಹನ್ನೆರಡು ಹೊಲಿಗೆ ಬಿಚ್ಚಿದೆ. ನನ್ನ ಆಸೆ ಒಂದೂ ಸಾಯಲಿಲ್ಲ. ಪಿನ್ ನನಗೆ ಗೊತ್ತಿತ್ತು. "ನನಗೇನಾದ್ರೂ ಆದ್ರೆ ನಿನಗೆ ಗೊತ್ತಿರ್ಲಿ" ಎಂದು ಅವಳೇ ಹೇಳಿದ್ದಳು. ಪಕ್ಕದ ಬೀದಿಯಲ್ಲಿ ಮೂವತ್ತೆಂಟು ಸಾವಿರದ ಫೋನು ಕೊಂಡೆ, ಮಾರಿ ಕಾಸು ಮಾಡಿಕೊಳ್ಳಲು. ಅದು ಸಾಲದೆಂದು ಇನ್ನೊಂದಕ್ಕೂ ಕೈ ಹಾಕಿದೆ. ಯಂತ್ರ ಕೀಂಕ್ ಎಂದಿತು. "ಲಿಮಿಟ್ ಮುಗಿದಿದೆ ಸಾರ್" ಎಂದ ಅಂಗಡಿಯವನು. ಅಕ್ಕನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಎರಡು ಲಕ್ಷ ಇದ್ದದ್ದನ್ನು ಇಳಿಸಿ ಬಂದ ಪೆದ್ದಿ ಎಂದು ಬೈದುಕೊಂಡೆ. ಅವಳ ದುಡ್ಡು ಕದಿಯುತ್ತ ಅವಳನ್ನೇ ಬೈದವನು ನಾನು.

ಆ ಫೋನನ್ನು ಹಿಂದಿನ ಬೀದಿಯಲ್ಲಿ ಇಪ್ಪತ್ತೊಂಬತ್ತು ಸಾವಿರಕ್ಕೆ ಮಾರಿದೆ. ಓಡಿ ಬಂದು ಅಕ್ಕನ ಫೋನಿಗೆ ಬಂದಿದ್ದ ಸಂದೇಶ ಅಳಿಸಿದೆ. ಕಾರ್ಡನ್ನು ಚೀಲದೊಳಗಿಟ್ಟು, ಅದೇ ಬಿಳಿ ದಾರದಲ್ಲಿ, ಅದೇ ತೂತುಗಳಲ್ಲಿ ಸೂಜಿ ಇಳಿಸಿ, ಎಣಿಸಿ ಹನ್ನೆರಡು ಹೊಲಿಗೆ ಹಾಕಿದೆ. ದರ್ಜಿಯ ತಮ್ಮನಲ್ಲವೇ, ಸೂಜಿ ಹಿಡಿಯಲು ಬರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು.

ಮಾರನೆಯ ದಿನ ಹೋದಾಗ ಚೀಲ ಬಾಯಿ ಬಿಟ್ಟುಕೊಂಡು ಮೊಳೆಯಲ್ಲಿ ತೂಗುತ್ತಿತ್ತು. ಕ್ಯಾಲೆಂಡರಿನ ಸೀಮೆಸುಣ್ಣದ ಸುತ್ತು ಅಳಿಸಿತ್ತು.

"ಏನಕ್ಕಾ, ಖರ್ಚು ಮಾಡ್ದೆಯಾ?" ಎಂದೆ.

"ಹೂಂ. ಖರ್ಚಾಯ್ತು" ಅಂದಳು, ತಲೆಯೆತ್ತದೆ. "ಕಾಜಾ ಮೆಷಿನ್ ಈ ಸಲ ಬೇಡ ಅಂದ್ಕೊಂಡೆ. ಕೈಯಲ್ಲೇ ಮಾಡ್ತೀನಿ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವಳಿಗೆ ಗೊತ್ತಿಲ್ಲ, ಇನ್ನೇನೋ ಕೊಂಡಿದ್ದಾಳೆ ಎಂದುಕೊಂಡೆ. ಕಾರ್ಡಿನಲ್ಲಿ ಎರಡು ಸಾವಿರವಷ್ಟೇ ಉಳಿದಿದ್ದಾಗ ಇನ್ನೇನು ಕೊಂಡಾಳು ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ. ತಪ್ಪು ಮಾಡಿದವನಿಗೆ ತನಗೆ ಬೇಕಾದ ಸುಳ್ಳು ಬಹಳ ಬೇಗ ನಂಬಿಕೆಯಾಗುತ್ತದೆ.

ಸಾವಿರ ಕಾಜಾ. ಹಗಲೆಲ್ಲ ಮೆಷಿನ್ನಿನಲ್ಲಿ ಕೋಟು, ಸಂಜೆ ಕೂತು ಕೈಯಲ್ಲಿ ಕಾಜಾ. ಮೂರು ವಾರ ನಾನು ದಿನವೂ ಆ ಅಂಗಡಿಯ ಮುಂದೆಯೇ ಕೆಲಸಕ್ಕೆ ಹೋಗಿ ಬಂದೆ. ಅವಳ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕನ್ನಡಕವನ್ನು ಹಣೆಗೇರಿಸಿ ಕಣ್ಣು ಉಜ್ಜಿಕೊಳ್ಳುವುದು ಕಾಣುತ್ತಿತ್ತು. ಯಾರಾದರೂ ಆ ಚೀಲದ ಕಡೆ ನೋಡಿದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಬಿಲ್ಲು ಕಟ್ಟುವ ಕೊನೆಯ ದಿನ ಕಳೆಯಿತು. ಚೀಲದ ಬಾಯಿ ಮಾತ್ರ ಮುಚ್ಚಲಿಲ್ಲ. ಗಿರಾಕಿಯೊಬ್ಬರು "ಏನಮ್ಮ, ಈ ಸಲ ಬ್ಯಾಂಕಿಗೆ ಬಾಕಿನಾ?" ಎಂದು ಕೇಳಿದ್ದಕ್ಕೆ "ಬ್ಯಾಂಕಿಂದು ತೀರ್ತು. ಇದು ಬೇರೆ" ಎಂದಳು. ಅದೂ ನನ್ನ ಕಿವಿಗೆ ಬಿತ್ತು.

ಅದಾದ ಎರಡನೇ ದಿನ ಭಾವ ನಾನು ಕೆಲಸ ಮಾಡುವ ಅಂಗಡಿಗೆ ಬಂದರು. ಟಾರ್ಚಿಗೆ ಸೆಲ್ಲು ಬೇಕೆಂದರು. ಕೊಟ್ಟೆ. ಹಾಕಿ, ಹೊತ್ತಿಸಿ, ಆರಿಸಿ ನೋಡಿದರು. ಆಮೇಲೆ ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಜೊತೆ ಎರಡು ಪದಕ್ಕಿಂತ ಹೆಚ್ಚು ಮಾತಾಡಿದರು.

"ನಾಲ್ಕನೇ ತಾರೀಕು ಸಂಜೆ ಬ್ಯಾಂಕಿಂದ ಫೋನ್ ಬಂದಿತ್ತು. ಅವಳ ಕೈಲಿ ಸೂಜಿ ಇತ್ತು, ಅದಕ್ಕೆ ಸ್ಪೀಕರ್ ಹಾಕಿದ್ಲು. ಎರಡು ಸಲ ಕಾರ್ಡ್ ಉಜ್ಜಿದಾರೆ, ನೀವೇನಾ ಅಂದ್ರು. ನೀವಲ್ಲ ಅಂದ್ರೆ ಹೇಳಿ, ದುಡ್ಡು ತಡೀತೀವಿ, ದೂರು ಬರ್ಕೋತೀವಿ, ಯಾರು ಅಂತ ಪತ್ತೆ ಮಾಡ್ತೀವಿ ಅಂದ್ರು. ಮೂರು ಸಲ ಕೇಳಿದ್ರು." ಸೆಲ್ಲಿನ ದುಡ್ಡನ್ನು ಎಣಿಸಿ ಗಾಜಿನ ಮೇಲಿಟ್ಟರು. "ನಾನೇ ಅಂದ್ಲು."

ಹೇಳಿ ಹೊರಟೇ ಹೋದರು. ನನ್ನ ಮುಂದೆ ಗಿರಾಕಿಯೊಬ್ಬರು ಫ್ರಿಜ್ಜಿನ ಬೆಲೆ ಕೇಳುತ್ತಿದ್ದರು. ಏನು ಹೇಳಿದೆನೋ ನೆನಪಿಲ್ಲ.

ಸಂಜೆ ಅಕ್ಕನ ಅಂಗಡಿಯ ಬಾಗಿಲಲ್ಲಿ ನಿಂತೆ. "ಅಕ್ಕಾ, ಅದು ನಾನು" ಎಂದಷ್ಟೇ ಹೇಳಿ ಹೊಸ್ತಿಲ ಮೇಲೆ ಕುಸಿದು ಅತ್ತುಬಿಟ್ಟೆ. ನಲವತ್ತು ವರ್ಷದ ಗಂಡಸು, ಇಬ್ಬರು ಮಕ್ಕಳ ತಂದೆ.

"ಗೊತ್ತು" ಅಂದಳು.

"ಬ್ಯಾಂಕಿನವರು ಹೇಳಿದ್ರಾ?"

"ಅವರು ಫೋನ್ ಮಾಡೋ ಮುಂಚೆನೇ ಗೊತ್ತಿತ್ತು." ಹಲ್ಲಿನಲ್ಲಿ ದಾರ ಕಡಿದಳು. "ನಂದು ಎಡಗೈ. ನನ್ನ ಹೊಲಿಗೆ ಎಡಕ್ಕೆ ವಾಲತ್ತೆ. ಊಟ ಮಾಡಿ ಇಳಿದು ಬಂದು ನೋಡ್ತೀನಿ, ಹನ್ನೆರಡೂ ಬಲಕ್ಕೆ ವಾಲ್ಕೊಂಡು ನಿಂತಿವೆ. ಈ ಅಂಗಡೀಲಿ ಸೂಜಿ ಹಿಡಿಯೋಕೆ ಬರೋ ಬಲಗೈಯೋನು ಇನ್ಯಾರೋ ಇದಾನೆ?"

"ಮತ್ತೆ ಬ್ಯಾಂಕಿಗೆ ಯಾಕೆ ಸುಳ್ಳು ಹೇಳ್ದೆ? ಇಷ್ಟು ದಿನ ನನ್ನ ಯಾಕೆ ಬೈಲಿಲ್ಲ?"

"ಅಲ್ಲ ಅಂದಿದ್ರೆ ಅವರು ನಿನ್ನ ಹುಡುಕ್ಕೊಂಡು ಬರ್ತಿದ್ರು. ನನಗೆ ನೀನೇ ಬರೋದು ಬೇಕಿತ್ತು." ಕೈಯಲ್ಲಿದ್ದ ಕೋಟನ್ನು ಮಡಿಚಿಟ್ಟಳು. "ನಂದೂ ತಪ್ಪಿದೆ. ಪಿನ್ ಅನ್ನೋದನ್ನ ಒಡಹುಟ್ಟಿದೋನಿಗೂ ಹೇಳ್ಬಾರ್ದು. ಮಾರನೇ ದಿನಾನೇ ಬದಲಾಯಿಸ್ದೆ. ಎದ್ದು ಮುಖ ತೊಳ್ಕೊಂಡು ಬಾ. ಇನ್ನೂ ಆರ್ನೂರ ನಲವತ್ತು ಕಾಜಾ ಇದೆ, ನಾನೊಬ್ಬಳೇ ಆದ್ರೆ ದಿನ ಸಾಲಲ್ಲ."

ಅವತ್ತಿನಿಂದ ದಿನವೂ ಸಂಜೆ ಆರಕ್ಕೆ ನಾನು ಅವಳೆದುರು ಸ್ಟೂಲಿನ ಮೇಲೆ. ನನ್ನ ಮೊದಲ ನಲವತ್ತು ಕಾಜಾಗಳನ್ನು ಅವಳು ಕರುಣೆಯಿಲ್ಲದೆ ಬಿಚ್ಚಿಸಿದಳು. ಆಮೇಲಾಮೇಲೆ ಬಿಚ್ಚಿಸುವುದು ಕಡಿಮೆಯಾಯಿತು. ಒಂದು ಭಾನುವಾರ ನನ್ನ ಹೆಂಡತಿಯನ್ನೂ ಕರೆಸಿ, ನನ್ನ ಮೂರು ಕಾರ್ಡುಗಳನ್ನು ಕತ್ತರಿಸುವ ಮೇಜಿನ ಮೇಲೆ ಇಡಿಸಿದಳು. ಯಾವುದಕ್ಕೆ ಎಷ್ಟು ಬಾಕಿ ಎಂದು ಮೇಜಿನ ಮೇಲೇ ಸೀಮೆಸುಣ್ಣದಲ್ಲಿ ನನ್ನಿಂದಲೇ ಬರೆಸಿದಳು. ಒಟ್ಟು ನೋಡಿ ನನ್ನ ಹೆಂಡತಿ ಅದನ್ನು ಮತ್ತೊಮ್ಮೆ ಕೂಡಿ ನೋಡಿದಳು. ಅಕ್ಕ ಮಾತ್ರ ಉದ್ದದ ಬಟ್ಟೆಯನ್ನು ಎಲ್ಲಿಂದ ಕತ್ತರಿಸಲಿ ಎನ್ನುವವಳ ಹಾಗೆ ಆ ಅಂಕಿಗಳನ್ನೇ ನೋಡುತ್ತಿದ್ದಳು. ಬೈಕು ಮಾರಿ ಹೆಚ್ಚು ಬಡ್ಡಿಯ ಕಾರ್ಡನ್ನು ಮೊದಲು ಮುಗಿಸುವುದು, ಉಳಿದೆರಡರ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ತಿರುಗಿಸುವುದು. ಮೂರು ಬ್ಯಾಂಕಿಗೂ ನಾನೇ ಫೋನ್ ಮಾಡಬೇಕು, ಅವಳು ಕೇಳಿಸಿಕೊಳ್ಳುತ್ತಾಳೆ. ಅವಳು ಒಂದು ಕಾಸೂ ಕೊಡಲಿಲ್ಲ. "ಮಾಡಿದ್ದುಣ್ಣೋ ಮಹರಾಯ" ಎಂದಳು, ನಗುತ್ತಲೇ. ಅವಳ ಮೂವತ್ತೆಂಟು ಸಾವಿರಕ್ಕೆ ಪ್ರತ್ಯೇಕ ಕಟ್ಟುಪಾಡು, ತಿಂಗಳಿಗೆ ಎರಡು ಸಾವಿರ, ಬಡ್ಡಿಯಿಲ್ಲ, ತಪ್ಪಿಸುವಂತೆಯೂ ಇಲ್ಲ.

ಐವತ್ತೊಂಬತ್ತನೇ ದಿನ ಇನ್ನೂರು ಕೋಟುಗಳೂ ಆಸ್ಪತ್ರೆಗೆ ಹೋದವು. ನರ್ಸಮ್ಮ ಒಂದು ಕಾಜಾವನ್ನು ಬೆರಳಿನಿಂದ ಸವರಿ "ಇದು ಮೆಷಿನ್ ಕೆಲಸ ಅಲ್ಲ" ಎಂದರು. "ಅಲ್ಲ" ಎಂದಳು ಅಕ್ಕ. ಆ ವರ್ಷದಿಂದ ಆ ಕೆಲಸ ಅವಳದೇ.

ಚೀಲದ ಬಾಯಿ ಮಾತ್ರ ಹತ್ತೊಂಬತ್ತು ತಿಂಗಳು ತೆರೆದೇ ಇತ್ತು. ಬಾಯಿ ತೆರೆದಿರುವವರೆಗೆ ಕಾರ್ಡಿನಲ್ಲಿ ಏನೂ ಕೊಳ್ಳುವಂತಿಲ್ಲ ಎಂಬ ತನ್ನ ಕಟ್ಟುಪಾಡನ್ನು ಅವಳು ನನಗಾಗಿ ಸಡಿಲಿಸಲಿಲ್ಲ, ತನಗಾಗಿಯೂ ಸಡಿಲಿಸಲಿಲ್ಲ. ಕೈಗೆ ಬಂದ ದುಡ್ಡು ಬಟ್ಟೆ, ದಾರಕ್ಕೇ ಸರಿಹೋಗುತ್ತಿತ್ತು. ಮರುವರ್ಷದ ಸಾವಿರ ಕಾಜಾಗಳನ್ನೂ ನಾವಿಬ್ಬರು ಕೈಯಲ್ಲೇ ಹೆಣೆದೆವು. ಗಿರಾಕಿಗಳು ಎಷ್ಟು ಕೆಣಕಿದರೂ ಅವಳ ಬಾಯಿಂದ ನನ್ನ ಹೆಸರು ಬರಲಿಲ್ಲ. ನನ್ನ ಅಕ್ಕ ಎಂಥವಳೆಂದು ನನಗೆ ಆ ತಿಂಗಳುಗಳಲ್ಲಿ ಗೊತ್ತಾಯಿತು. ಇಷ್ಟು ತಡವಾಗಿ ಗೊತ್ತಾಯಿತಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಕೊನೆಯ ಎರಡು ಸಾವಿರ ಕೊಟ್ಟ ಸಂಜೆ ಅವಳು ಚೀಲವನ್ನು ಮೊಳೆಯಿಂದ ಇಳಿಸಿ, ಸೂಜಿಗೆ ದಾರ ಪೋಣಿಸಿ ನನ್ನ ಕೈಗೇ ಕೊಟ್ಟಳು.

"ನೀನೇ ಹೊಲಿ."

ನಾನು ಚೀಲವನ್ನು ತಿರುಗಿಸಿ ಹಿಡಿದು, ಸೂಜಿಯನ್ನು ಎಡಗೈಗೆ ಬದಲಾಯಿಸಿಕೊಂಡು, ಅವಳ ಹೊಲಿಗೆಯ ಹಾಗೆಯೇ ಎಡಕ್ಕೆ ವಾಲಿಸಲು ಒದ್ದಾಡಿದೆ. ಪಟ್ ಎಂದು ಕೈ ಮೇಲೆ ಏಟು ಬಿತ್ತು.

"ನನ್ನ ಹಾಗೆ ಹೊಲಿಯೋಕೆ ಹೋಗ್ಬೇಡ. ನಿನ್ನ ಕೈ ಹೇಗಿದೆಯೋ ಹಾಗೇ ಹೊಲಿ. ಯಾರು ಮುಚ್ಚಿದ್ದು ಅಂತ ನೋಡಿದೋರಿಗೆ ಗೊತ್ತಾಗ್ಲಿ."

ಹನ್ನೆರಡು ಹೊಲಿಗೆ ಹಾಕಿದೆ. ಹನ್ನೆರಡೂ ಬಲಕ್ಕೆ ವಾಲಿದವು. ಅವಳು ಬೆಳಕಿಗೆ ಹಿಡಿದು ನೋಡಿ ಮೊಳೆಗೆ ತೂಗುಹಾಕಿದಳು.

ಮುಂದಿನ ತಿಂಗಳು ಆರನೇ ತಾರೀಕು ಕಾಜಾ ಮೆಷಿನ್ ತರಲು ಹೊರಟಾಗ ನಾನೂ ಜೊತೆಗಿದ್ದೆ. ಅಕ್ಕ ಕೊಕ್ಕೆ ಹಿಡಿದು ಕೂತು, ಅವಸರವಿಲ್ಲದೆ ಒಂದೊಂದೇ ಹೊಲಿಗೆ ಬಿಚ್ಚಿದಳು. ಹನ್ನೊಂದು ಬಿಚ್ಚಿ ನಿಲ್ಲಿಸಿದಳು. ಅಷ್ಟು ಸಂದಿಯಲ್ಲೇ ಕಾರ್ಡನ್ನು ಓರೆ ಮಾಡಿ ಹೊರಗೆಳೆದುಕೊಂಡಳು. ಬಿಲ್ಲು ಕಟ್ಟಿದ ಮೇಲೆ ತನ್ನ ಎಡಗೈಯಲ್ಲಿ ಹನ್ನೊಂದು ಹೊಲಿಗೆಯನ್ನಷ್ಟೇ ಹಾಕಿ ಮುಚ್ಚಿದಳು.

ಇದಾಗಿ ಆರು ವರ್ಷವಾಯಿತು. ಅವಳ ಪಿನ್ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಚೀಲ ಅದೇ ಮೊಳೆಯಲ್ಲಿದೆ. ಹನ್ನೊಂದು ಹೊಲಿಗೆ ಎಷ್ಟೋ ಸಲ ಬಿಚ್ಚಿವೆ, ಎಷ್ಟೋ ಸಲ ಮತ್ತೆ ಕೂತಿವೆ. ಮೂಲೆಯ ಒಂದು ಹೊಲಿಗೆ ಮಾತ್ರ ಕೊಳೆಯಾಗಿ, ಬಲಕ್ಕೆ ವಾಲಿಕೊಂಡು, ನಾನು ಹಾಕಿದ ಹಾಗೆಯೇ ಇದೆ.